ಬೆಂಚಿನ ಕೊನೆಯ ಓಟಗಾರ: ನಾಲ್ಕು ಸೀಸನ್, ನಾಲ್ಕು ಬಗೆಯ ಆಯ್ಕೆ

2024ರ ಸೆಪ್ಟೆಂಬರ್ 9, ಸೋಮವಾರ. ಸಂಜೆ ಐದು ದಾಟುತ್ತಲೇ ಸಾಂತಾ ಕ್ಲಾರಾದ ಲೀವೈಸ್ ಸ್ಟೇಡಿಯಂನಲ್ಲಿ ಅಮೆರಿಕನ್ ಫುಟ್‌ಬಾಲಿನ ಫಾರ್ಟಿನೈನರ್ಸ್ ತಂಡಕ್ಕೆ ಜೆಟ್ಸ್ ಎದುರು ಸೀಸನ್ನಿನ ಮೊದಲ ಪಂದ್ಯ. ಆಟ ಶುರುವಾಗುವ ಒಂದೂವರೆ ಗಂಟೆ ಮೊದಲು, ಅಂದು ಆಡದವರ ಪಟ್ಟಿ ಹೊರಬೀಳುತ್ತದೆ. ಆಫೀಸಿನ ಕೊನೇ ಮೀಟಿಂಗ್ ಮುಗಿಸಿ ಫೋನ್ ತೆಗೆದೆ. ಪಟ್ಟಿಯಲ್ಲಿ ಫಾರ್ಟಿನೈನರ್ಸ್‌ನ ಮುಖ್ಯ ಓಟಗಾರ ಕ್ರಿಶ್ಚಿಯನ್ ಮೆಕ್ಯಾಫ್ರಿಯ ಹೆಸರಿತ್ತು.

ನಮ್ಮದು ಬೇ ಏರಿಯಾದ ಹತ್ತು ಜನ ಕನ್ನಡಿಗರ ಫ್ಯಾಂಟಸಿ ಲೀಗ್: ನಿಜವಾದ ಆಟಗಾರರನ್ನು ಸರದಿಯಂತೆ ಆರಿಸಿ ಕಾಗದದ ಮೇಲೆ ತಂಡ ಕಟ್ಟುತ್ತೇವೆ, ಅವರು ಅಂಗಳದಲ್ಲಿ ಆಡಿದಂತೆ ನಮಗೆ ಅಂಕ. ಆ ವರ್ಷ ಚೀಟಿಯಲ್ಲಿ ಮೊದಲ ಆಯ್ಕೆ ನನಗೇ ಬಂದಿತ್ತು, ನಾನು ಆರಿಸಿದ್ದು ಮೆಕ್ಯಾಫ್ರಿಯನ್ನೇ. ಹಿಂದಿನ ಸೀಸನ್‌ನಲ್ಲಿ 1459 ಗಜ ಓಡಿ ವರ್ಷದ ಶ್ರೇಷ್ಠ ಆಕ್ರಮಣ ಆಟಗಾರ ಅನ್ನಿಸಿಕೊಂಡವನು. ಅವನಿಲ್ಲದಿದ್ದರೆ ನನ್ನ ತಂಡದ ನಡು ಮುರಿದ ಹಾಗೆಯೇ. ಆದರೆ ಹನ್ನೆರಡನೇ ರೌಂಡಿನಲ್ಲಿ, ಉಳಿದವರೆಲ್ಲ ಪುಳಿಯೋಗರೆ ತಟ್ಟೆ ಹಿಡಿದು ಎದ್ದು ಓಡಾಡುತ್ತಿದ್ದಾಗ, ಅವನ ಬದಲಿ ಜೋರ್ಡನ್ ಮೇಸನ್ ಎಂಬ ಹೆಸರನ್ನೂ ಬರೆದುಕೊಂಡಿದ್ದೆ. ಆ ರಾತ್ರಿ ಮೇಸನ್ 28 ಸಲ ಚೆಂಡು ಹೊತ್ತು 147 ಗಜ ಓಡಿದ, ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಒಂದು ಟಚ್‌ಡೌನ್ ಕೂಡ ಹೊಡೆದ. ಹತ್ತು ಗಜಕ್ಕೊಂದು ಅಂಕ, ಟಚ್‌ಡೌನಿಗೆ ಆರು. ಲೆಕ್ಕ ನೀವೇ ಹಾಕಿ.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಎರಡು ಮಾತು. ರನ್ನಿಂಗ್ ಬ್ಯಾಕ್ ಅಂದರೆ ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಗೋಡೆಯೊಳಗೆ ನುಗ್ಗುವವನು. ಪ್ರತಿ ಓಟದ ಕೊನೆಗೂ ಅವನನ್ನು ಯಾರೋ ನೆಲಕ್ಕೆ ಕೆಡವುತ್ತಾರೆ. ಹದಿನೇಳು ಪಂದ್ಯ ಪೂರ್ತಿ ಆಡುವ ಮೊದಲ ಓಟಗಾರರು ಕಡಿಮೆ. ಆದ್ದರಿಂದ ಎರಡನೆಯವನು ಯಾರು, ಮೂರನೆಯವನು ಯಾರು ಎಂಬುದು ಪ್ರತಿ ಆಗಸ್ಟಿನಲ್ಲೂ ತರಬೇತುದಾರರ ತಲೆ ತಿನ್ನುವ ಪ್ರಶ್ನೆ. ಶಿಬಿರದ 90 ಜನರನ್ನು ಆಗಸ್ಟ್ ಕೊನೆಗೆ 53ಕ್ಕೆ ಇಳಿಸಬೇಕು. ಅದರಲ್ಲಿ ರನ್ನಿಂಗ್ ಬ್ಯಾಕ್‌ಗಳಿಗೆ ಸಿಗುವುದು ಮೂರೋ ನಾಲ್ಕೋ ಜಾಗ. ಪಂದ್ಯದ ದಿನ ಸಜ್ಜಾಗಿ ನಿಲ್ಲುವವರು ಹೆಚ್ಚೆಂದರೆ 48 ಮಂದಿ. ನಮ್ಮ ಕಾಗದದ ತಂಡಗಳಲ್ಲೂ ಅದೇ ಇಕ್ಕಟ್ಟು: ಬೆಂಚಿನಲ್ಲಿ ಆರೇ ಕುರ್ಚಿ, ಅದರಲ್ಲಿ ಬದಲಿ ಓಟಗಾರನಿಗೆ ಒಂದೋ ಎರಡೋ.

ಆ ಒಂದು ಕುರ್ಚಿಗೆ 2021ರಿಂದ 2024ರವರೆಗೆ ವರ್ಷಕ್ಕೊಂದು ಬಗೆಯವನನ್ನು ಕೂರಿಸಿ ನೋಡಿದ್ದೇನೆ. ಹೆಸರುವಾಸಿ ಹೊಸಬ, ಪಳಗಿದ ಹಿರಿಯ, ಯಾರಿಗೂ ಕಟ್ಟುಬೀಳದ ತೆರೆದ ಕುರ್ಚಿ, ಕೊನೆಗೆ ನನ್ನದೇ ಮುಖ್ಯ ಓಟಗಾರನ ಉತ್ತರಾಧಿಕಾರಿ.

ಹೊಸಬನಿಂದ ಶುರುಮಾಡುತ್ತೇನೆ, ಏಕೆಂದರೆ ನನಗೆ ಹೆಚ್ಚು ಕಲಿಸಿದ್ದು ಆ ವರ್ಷವೇ. 2021ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, ಫಾರ್ಟಿನೈನರ್ಸ್ ಎರಡು ನಾಲ್ಕನೇ ರೌಂಡಿನ ಆಯ್ಕೆಗಳನ್ನು ಬಿಟ್ಟುಕೊಟ್ಟು, ಮೇಲೆ ಸರಿದು, ಮೂರನೇ ರೌಂಡಿನಲ್ಲಿ 88ನೆಯವನಾಗಿ ಟ್ರೇ ಸರ್ಮನ್‌ನನ್ನು ತಂದರು. ಅದೇ ಡ್ರಾಫ್ಟಿನ ಆರನೇ ರೌಂಡಿನಲ್ಲಿ 194ನೆಯವನಾಗಿ ಇಲೈಜಾ ಮಿಚೆಲ್ ಬಂದ. ಮೊದಲ ಓಟಗಾರ ರಹೀಮ್ ಮೋಸ್ಟರ್ಟ್ ನನ್ನ ತಂಡದಲ್ಲಿದ್ದ. ಇಷ್ಟು ಬೆಲೆ ಕೊಟ್ಟು ತಂದವನೇ ಅವನ ನಂತರದವನು ಎಂದು ನಂಬಿ ಸರ್ಮನ್‌ನನ್ನು ಬೆಂಚಿಗೆ ಹಾಕಿಕೊಂಡೆ. ಡೆಟ್ರಾಯಿಟ್‌ನಲ್ಲಿ ಮೊದಲ ಪಂದ್ಯ. ಮೋಸ್ಟರ್ಟ್ ಎರಡೇ ಓಟಕ್ಕೆ ಮೊಣಕಾಲು ಹಿಡಿದು ಹೊರನಡೆದ. ಸರ್ಮನ್ ಅಂದು ಗಾಯವಿಲ್ಲದೆಯೂ ಆಡದವರ ಪಟ್ಟಿಯಲ್ಲಿದ್ದ. ಮಿಚೆಲ್ 19 ಓಟಗಳಲ್ಲಿ 104 ಗಜ ಹೋದ. ಆ ಸೀಸನ್ ಮುಗಿದಾಗ ಮಿಚೆಲ್‌ನ ಖಾತೆಯಲ್ಲಿ 963 ಗಜ, ಸರ್ಮನ್‌ನ ಖಾತೆಯಲ್ಲಿ 167.

ನಮ್ಮ ಲೀಗಿನಲ್ಲಿ ಯಾರ ಬಳಿಯೂ ಇರದ ಆಟಗಾರರಿಗೆ ಪ್ರತಿ ಬುಧವಾರ ಹರಾಜು. ವರ್ಷಕ್ಕೆ ಒಬ್ಬೊಬ್ಬರಿಗೆ ನೂರು ಡಾಲರಿನ ಲೆಕ್ಕದ ದುಡ್ಡು. ಮಿಚೆಲ್‌ಗೆ ನಾನು ನಲವತ್ತು ಕೂಗಿದೆ, ಗೆಳೆಯನೊಬ್ಬ ಐವತ್ತೈದು ಕೂಗಿದ್ದ. ಅಲ್ಲಿಗೆ ನನ್ನ ಸೀಸನ್ ಅರ್ಧ ಮುಗಿದಿತ್ತು.

ಆ ಸೋಲಿನ ಮೇಲೆ ಫಾರ್ಟಿನೈನರ್ಸ್ ತರಬೇತುದಾರ ಕೈಲ್ ಶಾನಹನ್ ಯಾರನ್ನು ಏಕೆ ಆರಿಸುತ್ತಾರೆ ಎಂದು ಹಿಂದಕ್ಕೆ ಹೋಗಿ ಓದತೊಡಗಿದೆ. ಅವರ ತಂದೆ ಮೈಕ್ ಶಾನಹನ್ 1995ರಲ್ಲಿ ಡೆನ್ವರ್ ತಂಡಕ್ಕೆ ತರಬೇತುದಾರರಾಗಿ ಬಂದ ವರ್ಷ ಆರನೇ ರೌಂಡಿನಲ್ಲಿ, 196ನೆಯವನಾಗಿ, ಟೆರೆಲ್ ಡೇವಿಸ್ ಎಂಬ ಹುಡುಗ ಸಿಕ್ಕಿದ. ಟೋಕಿಯೋದಲ್ಲಿ ನಡೆದ ಪೂರ್ವಸಿದ್ಧತಾ ಪಂದ್ಯದಲ್ಲಿ ಅವನು ತರಬೇತುದಾರರ ಕಣ್ಣಿಗೆ ಬಿದ್ದದ್ದು ಓಟದಿಂದಲ್ಲ. ಚೆಂಡನ್ನು ಎದುರಾಳಿಯತ್ತ ಒದ್ದು ಆಟ ಶುರುಮಾಡುವ ಕಿಕಾಫ್ ಆದಮೇಲೆ ಅಂಗಳದುದ್ದಕ್ಕೂ ಧಾವಿಸಿ ಎದುರಾಳಿಯನ್ನು ಕೆಡವಿದ ಒಂದು ಹೊಡೆತದಿಂದ. ಮೂರು ವರ್ಷದ ನಂತರ ಅದೇ ಡೇವಿಸ್ ಒಂದು ಸೀಸನ್‌ನಲ್ಲಿ 2008 ಗಜ ಓಡಿದ. 1999ರಲ್ಲಿ ಅವನ ಮೊಣಕಾಲು ಹೋದಾಗ ನಾಲ್ಕನೇ ರೌಂಡಿನ ಒಲಾಂಡಿಸ್ ಗ್ಯಾರಿ ಬಂದು ಸಾವಿರ ಗಜ ದಾಟಿದ, ಮರುವರ್ಷ ಆರನೇ ರೌಂಡಿನ ಮೈಕ್ ಆಂಡರ್ಸನ್ 1487 ಓಡಿದ. ಆ ಪದ್ಧತಿಯಲ್ಲಿ ಇಡೀ ತಡೆಗೋಡೆ ಒಂದೇ ಪಕ್ಕಕ್ಕೆ ಜರುಗುತ್ತದೆ. ಓಟಗಾರ ಬಿರುಕು ಕಾಣುವವರೆಗೆ ತಾಳ್ಮೆಯಿಂದ ಜೊತೆಗೇ ಸಾಗಿ, ಕಂಡ ಕ್ಷಣ ಒಂದೇ ಸಲ ತಿರುಗಿ ನುಗ್ಗಬೇಕು. ಕುಣಿಯುವವನಿಗೆ ಅಲ್ಲಿ ಕೆಲಸವಿಲ್ಲ. ಮಗನೂ ಅದೇ ಪದ್ಧತಿಯವರು. ಡ್ರಾಫ್ಟಿನ ಬೆಲೆ ನೋಡಿ ಆ ಮನೆಯ ಎರಡನೆಯವನನ್ನು ಊಹಿಸಿದ್ದು ನನ್ನ ತಪ್ಪು.

ಮೋಸ್ಟರ್ಟ್‌ನ ಕತೆಯೂ ಇದಕ್ಕೆ ಸಾಕ್ಷಿ. ಡ್ರಾಫ್ಟಿನಲ್ಲಿ ಯಾರೂ ಕರೆಯದ ಹುಡುಗ, ಆರು ತಂಡಗಳು ಕೈಬಿಟ್ಟಮೇಲೆ 2016ರಲ್ಲಿ ಇಲ್ಲಿಗೆ ಬಂದ. ವರ್ಷಗಟ್ಟಲೆ ಕಿಕ್ ಬೆನ್ನಟ್ಟಿ ಎದುರಾಳಿಯನ್ನು ಬೀಳಿಸುವುದೇ ಅವನ ಕೆಲಸವಾಗಿತ್ತು. 2020ರ ಜನವರಿಯಲ್ಲಿ ಗ್ರೀನ್ ಬೇ ಎದುರು ಎನ್‌ಎಫ್‌ಸಿ ಫೈನಲ್, ಅಂದರೆ ಸೀಸನ್ನಿನ ಅಂತಿಮ ಪಂದ್ಯಕ್ಕೆ ಮುಂಚಿನ ಸೆಮಿಫೈನಲ್ ಇದ್ದಂತೆ. ಟೆವಿನ್ ಕೋಲ್ಮನ್ ಭುಜದ ಗಾಯದಿಂದ ಹೊರಹೋದ, ಮೋಸ್ಟರ್ಟ್ 220 ಗಜ ಓಡಿ ನಾಲ್ಕು ಟಚ್‌ಡೌನ್ ಹೊಡೆದ. ಆ ಪಂದ್ಯ ನೋಡುವಾಗ ನನಗೆ ನೆನಪಾದದ್ದು ನಮ್ಮ ಸೈಯದ್ ಕಿರ್ಮಾನಿ. 1971ರ ಇಂಗ್ಲೆಂಡ್ ಪ್ರವಾಸದಲ್ಲೇ ತಂಡದೊಳಗಿದ್ದರೂ ಫಾರೂಕ್ ಎಂಜಿನಿಯರ್ ಹಿಂದೆ ಕಾದು ಕಾದು ಟೆಸ್ಟ್ ಆಡಿದ್ದು 1976ರಲ್ಲಿ. ಬದಲಿಯಾಗಿ ಕಾಯುವುದೂ ಒಂದು ಕಸುಬು, ಅದನ್ನು ಗೌರವದಿಂದ ನೋಡಬೇಕು ಅನ್ನಿಸುತ್ತದೆ ನನಗೆ.

2022ರಲ್ಲಿ ಹಿರಿಯನ ಕಡೆ ತಿರುಗಿದೆ. ಆಗ ಕ್ಯಾನ್ಸಸ್ ಸಿಟಿ ತಂಡದ ಓಟಗಾರರ ಕೋಣೆ ಹೀಗಿತ್ತು: 2020ರ ಮೊದಲ ರೌಂಡಿನ ಕ್ಲೈಡ್ ಎಡ್ವರ್ಡ್ಸ್-ಹೆಲೇರ್, 2022ರಲ್ಲಿ ಏಳನೇ ರೌಂಡಿನಲ್ಲಿ ಬಂದ ಐಸಾಯಾ ಪಚೇಕೊ, ಮೂವತ್ತು ತುಂಬಿದ ಜೆರಿಕ್ ಮೆಕಿನನ್. ಮೆಕಿನನ್ ನಮ್ಮೂರಿನವರಿಗೆ ಗೊತ್ತಿದ್ದವನೇ. 2018ರಲ್ಲಿ ಫಾರ್ಟಿನೈನರ್ಸ್ ಸೇರಿ, ಸೀಸನ್ ಶುರುವಾಗುವ ಮೊದಲೇ ಮೊಣಕಾಲು ಮುರಿದುಕೊಂಡು, ಎರಡು ವರ್ಷ ಪೂರ್ತಿ ಆಟ ಕಳೆದುಕೊಂಡಿದ್ದ.

ಅವನನ್ನು ಆರಿಸಿದ್ದಕ್ಕೆ ಕಾರಣ ಬ್ಲಿಟ್ಜ್. ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು, ಅಂದರೆ ಮೂರನೇ ಡೌನ್‌ನಲ್ಲಿ, ಎದುರಾಳಿಯ ರಕ್ಷಣೆಯ ಹಿಂದಿನ ಸಾಲಿನ ಲೈನ್‌ಬ್ಯಾಕರ್ ಇದ್ದಕ್ಕಿದ್ದಂತೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಎರಗುತ್ತಾನೆ. ಯಾರು ಬರುತ್ತಾನೆ, ಯಾವ ಸಂದಿನಿಂದ ಬರುತ್ತಾನೆ ಎಂದು ಅರೆಗಳಿಗೆಯಲ್ಲಿ ಗುರುತಿಸಿ ಎದೆಯೊಡ್ಡಿ ತಡೆಯಬೇಕಾದವನು ರನ್ನಿಂಗ್ ಬ್ಯಾಕ್. ಪ್ಯಾಟ್ರಿಕ್ ಮಹೋಮ್ಸ್‌ನಂಥ ಕ್ವಾರ್ಟರ್‌ಬ್ಯಾಕ್ ಇರುವ ತಂಡ ಈ ಕೆಲಸ ಬಾರದವನನ್ನು ಆ ಹೊತ್ತಿನಲ್ಲಿ ಅಂಗಳದಲ್ಲಿ ನಿಲ್ಲಿಸುವುದಿಲ್ಲ. ಮೆಕಿನನ್‌ಗೆ ಅದು ಬರುತ್ತಿತ್ತು. ಅಕ್ಟೋಬರ್ ಕಳೆಯುವವರೆಗೂ ಅವನಿಂದ ನನಗೆ ಸಿಕ್ಕ ಅಂಕ ಅಷ್ಟಕ್ಕಷ್ಟೆ, ಎರಡು ಸಲ ಬಿಟ್ಟುಬಿಡಲು ಹೊರಟು ತಡೆದುಕೊಂಡೆ. ಕೊನೆಯ ಆರು ಪಂದ್ಯಗಳಲ್ಲಿ ಪ್ರತಿಯೊಂದರಲ್ಲೂ ಅವನು ಟಚ್‌ಡೌನ್ ಪಾಸ್ ಹಿಡಿದ. ಹೂಸ್ಟನ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ 26 ಗಜ ಓಡಿ ಪಂದ್ಯವನ್ನೇ ಮುಗಿಸಿದ. ನಮ್ಮ ಲೀಗಿನ ಪ್ಲೇಆಫ್ ವಾರಗಳು ಅವೇ. ಆ ವರ್ಷ ನಾನು ಫೈನಲ್ ತಲುಪಿದೆ.

ಆದರೆ ಮೆಕಿನನ್ ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೊಂದು ಕಾರಣಕ್ಕೆ. 2023ರ ಫೆಬ್ರುವರಿಯ ಸೂಪರ್ ಬೌಲ್, ಅಂದರೆ ಸೀಸನ್ನಿನ ಅಂತಿಮ ಪಂದ್ಯ, ಈಗಲ್ಸ್ ಎದುರು 35-35 ಸಮ. ಕೊನೆಯ ನಿಮಿಷಗಳಲ್ಲಿ ಚೆಂಡು ಹಿಡಿದ ಅವನ ಮುಂದೆ ದಾರಿ ತೆರೆದಿತ್ತು, ಟಚ್‌ಡೌನ್ ಕೈಗೆಟುಕುವಂತಿತ್ತು. ಅವನು ಗೆರೆಯ ಸ್ವಲ್ಪ ಹಿಂದೆ ತಾನಾಗಿ ಜಾರಿ ಕುಳಿತ. ಟಚ್‌ಡೌನ್ ಹೊಡೆದಿದ್ದರೆ ಎದುರಾಳಿಗೆ ಚೆಂಡೂ ಸಮಯವೂ ಸಿಗುತ್ತಿತ್ತು. ಗಡಿಯಾರ ಓಡಿತು, ಎಂಟು ಸೆಕೆಂಡ್ ಇರುವಾಗ ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕದ ಫೀಲ್ಡ್ ಗೋಲ್, 38-35. ಸೂಪರ್ ಬೌಲ್‌ನಲ್ಲಿ ಟಚ್‌ಡೌನ್ ಬಿಟ್ಟುಕೊಡಲು ಎಂಥ ಸಂಯಮ ಬೇಕು! ಕಾಗದದ ತಂಡದಲ್ಲಿ ಅದಕ್ಕೆ ಒಂದು ಅಂಕವೂ ಇಲ್ಲ. ನಿಜವಾದ ತಂಡ ಕಟ್ಟುವವನು ನಾನಾಗಿದ್ದರೆ ಎರಡನೇ ಕುರ್ಚಿಗೆ ಕಣ್ಣುಮುಚ್ಚಿ ಇಂಥವನನ್ನೇ ಕೂರಿಸುತ್ತಿದ್ದೆ.

2023ರ ತೆರೆದ ಕುರ್ಚಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬದಲಿಯನ್ನು ಮೊದಲೇ ಆರಿಸದೆ, ಮೊದಲ ವಾರ ನೋಡಿ ತಗೊಳ್ಳೋಣ ಎಂದು ಆ ಜಾಗಕ್ಕೆ ಯಾವಾಗ ಬೇಕಾದರೂ ಬಿಡಬಹುದಾದ ಒಬ್ಬನನ್ನು ಇಟ್ಟುಕೊಂಡೆ. ರ‍್ಯಾಮ್ಸ್ ತಂಡದಲ್ಲಿ ಕ್ಯಾಮ್ ಏಕರ್ಸ್ ಮುಖ್ಯ ಓಟಗಾರ ಎಂದು ಎಲ್ಲರೂ ಅಂದುಕೊಂಡಿದ್ದರು. ಮೊದಲ ಪಂದ್ಯದಲ್ಲಿ ಐದನೇ ರೌಂಡಿನ ಕೈರನ್ ವಿಲಿಯಮ್ಸ್ ಎರಡು ಟಚ್‌ಡೌನ್ ಹೊಡೆದ. ಕಾಲೇಜಿನಿಂದಲೂ ಅವನು ಬ್ಲಿಟ್ಜ್ ತಡೆಯುವುದರಲ್ಲಿ ಹೆಸರು ಮಾಡಿದವನು. 2021ರ ಪಾಠ ನೆನಪಿಟ್ಟು ಬುಧವಾರ ಅರವತ್ತೆರಡು ಡಾಲರ್ ಕೂಗಿದೆ, ಸಿಕ್ಕಿದ. ಎರಡನೇ ಪಂದ್ಯಕ್ಕೆ ಏಕರ್ಸ್ ಪಟ್ಟಿಯಲ್ಲೇ ಇರಲಿಲ್ಲ, ಆಮೇಲೆ ಮಿನೆಸೋಟಕ್ಕೆ ಹೋದ. ವಿಲಿಯಮ್ಸ್ 12 ಪಂದ್ಯಗಳಲ್ಲಿ 1144 ಗಜ ಓಡಿದ. ನನಗೆ ದಕ್ಕಿದ ಅತಿ ದೊಡ್ಡ ಫಲ ಅದೇ. ಆದರೂ ಈ ದಾರಿಯನ್ನು ಯಾರಿಗೂ ಶಿಫಾರಸು ಮಾಡಲಾರೆ. ಹತ್ತು ಜನ ಒಬ್ಬನಿಗೇ ಕೂಗುವ ಹರಾಜಿನಲ್ಲಿ ಗೆಲ್ಲುವುದು ಪ್ರತಿ ವರ್ಷದ ಮಾತಲ್ಲ, ಆಮೇಲೆ ಡಿಸೆಂಬರ್‌ವರೆಗೂ ಕೈಯಲ್ಲಿ ಕಾಸಿರಲಿಲ್ಲ.

ಇನ್ನು ಉತ್ತರಾಧಿಕಾರಿ, ಅಂದರೆ ಮೇಸನ್. ಆಟದವರು ಇದಕ್ಕೆ ‘ಹ್ಯಾಂಡ್‌ಕಫ್’ ಅನ್ನುತ್ತಾರೆ: ಮುಖ್ಯ ಓಟಗಾರನ ಕೈಗೇ ಬದಲಿಯನ್ನು ಕೋಳ ಹಾಕಿ ಕಟ್ಟಿಕೊಳ್ಳುವುದು. ಮೇಸನ್ 2022ರಲ್ಲಿ ಡ್ರಾಫ್ಟ್ ಆಗದೆ ಬಂದವನು. ಆ ಆಗಸ್ಟಿನಲ್ಲಿ ಅವನಿಗೆ ಜಾಗ ಸಿಕ್ಕಿತು, ಸರ್ಮನ್ ತಂಡ ಬಿಡಬೇಕಾಯಿತು. ಎರಡು ವರ್ಷ ಕಿಕ್ ಬೆನ್ನಟ್ಟುತ್ತ ಬೆಂಚಿನಲ್ಲಿದ್ದ. 2024ರ ಆಗಸ್ಟಿನಲ್ಲಿ ಮಿಚೆಲ್ ಗಾಯಾಳುಗಳ ಪಟ್ಟಿ ಸೇರಿದಾಗ ಎರಡನೇ ಕುರ್ಚಿ ಇವನದಾಯಿತು. ನಮ್ಮ ಡ್ರಾಫ್ಟ್ ಇದ್ದದ್ದು ಲೇಬರ್ ಡೇ ರಜೆಯಲ್ಲಿ, ಆ ಸುದ್ದಿ ಬಂದ ನಂತರ. ಆಗಸ್ಟ್ ನಡುವಿನಲ್ಲೇ ಡ್ರಾಫ್ಟ್ ಮುಗಿಸಿದ ಬೇರೆ ಲೀಗಿನ ಗೆಳೆಯರ ಕೈಯಲ್ಲಿ ಮಿಚೆಲ್ ಇದ್ದ. ಡ್ರಾಫ್ಟಿನ ದಿನವನ್ನು ಆದಷ್ಟು ತಡಮಾಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಈ ಬಗೆಯ ನೆಮ್ಮದಿ ಉಳಿದ ಮೂರರಲ್ಲಿ ಇಲ್ಲ. ಮೆಕ್ಯಾಫ್ರಿ ಮರಳಿದ ನವೆಂಬರ್‌ವರೆಗೂ ನನ್ನ ತಂಡ ಅಲುಗಲಿಲ್ಲ. ಇದರ ಬೆಲೆಯೂ ಗೊತ್ತಿರಲಿ: 2023ರಲ್ಲಿ ಮೆಕ್ಯಾಫ್ರಿ ಹದಿನಾರು ಪಂದ್ಯ ಆಡಿದ, ಅವನ ಬದಲಿಯೆಂದು ಮಿಚೆಲ್‌ನನ್ನು ಇಟ್ಟುಕೊಂಡ ಗೆಳೆಯನ ಕುರ್ಚಿ ವರ್ಷವಿಡೀ ದಂಡವಾಯಿತು. 2024ರ ಡಿಸೆಂಬರ್ 1ರಂದು ಬಫಲೋದ ಹಿಮದಲ್ಲಿ ಆದದ್ದಂತೂ ಯಾರೂ ಎಣಿಸಿರದ್ದು. ಮೆಕ್ಯಾಫ್ರಿಯ ಮೊಣಕಾಲು, ಮೇಸನ್‌ನ ಕಣಕಾಲು, ಎರಡೂ ಒಂದೇ ಪಂದ್ಯದಲ್ಲಿ ಹೋದವು. ನನ್ನ ಮೊದಲ ಆಯ್ಕೆ, ಅದಕ್ಕೆ ಕಟ್ಟಿದ್ದ ವಿಮೆ, ಎರಡನ್ನೂ ಒಂದೇ ರಾತ್ರಿ ಕಳೆದುಕೊಂಡು ಸುಮ್ಮನೆ ಟಿವಿ ಮುಂದೆ ಕೂತಿದ್ದೆ. ಮೂರನೆಯವನು ಐಸಾಕ್ ಗೆರೆಂಡೊ, ನಾಲ್ಕನೇ ರೌಂಡಿನ ಹೊಸಬ. ಮುಂದಿನ ಪಂದ್ಯದಲ್ಲೇ ಶಿಕಾಗೋ ಎದುರು ಎರಡು ಟಚ್‌ಡೌನ್ ಹೊಡೆದ. ಅಷ್ಟರಲ್ಲಿ ಅವನು ಗೆಳೆಯನ ಬೆಂಚಿನಲ್ಲಿದ್ದ.

ಈಗ ಯಾವುದನ್ನು ಆರಿಸುತ್ತೀರಿ ಎಂದು ಕೇಳಿದರೆ: ನಿಮ್ಮ ಮೊದಲ ಆಯ್ಕೆ ರನ್ನಿಂಗ್ ಬ್ಯಾಕ್ ಆಗಿದ್ದು, ಅವನ ತಂಡದಲ್ಲಿ ಎರಡನೆಯವನು ಯಾರೆಂಬುದು ಸ್ಪಷ್ಟವಿದ್ದರೆ ಉತ್ತರಾಧಿಕಾರಿಯೇ ಸರಿ. ಇಬ್ಬರು ಮೂವರು ಆ ಜಾಗಕ್ಕೆ ಪೈಪೋಟಿ ನಡೆಸಿದ್ದರೆ ಮೆಕಿನನ್‌ನಂಥ ಹಿರಿಯನನ್ನು ಹಿಡಿದು ನವೆಂಬರ್‌ವರೆಗೆ ತಾಳ್ಮೆಯಿಂದ ಕೂರಿ. ಹೊಸಬನನ್ನು ಅವನ ರೌಂಡ್ ನೋಡಿ ಮಾತ್ರ ತರಬೇಡಿ. ಅವನು ಕಿಕಾಫ್ ತಂಡದಲ್ಲಿ ಇದ್ದಾನೋ, ಮೂರನೇ ಡೌನ್‌ನಲ್ಲಿ ಅಂಗಳದಲ್ಲಿ ನಿಲ್ಲುತ್ತಾನೋ ನೋಡಿ. ಮೋಸ್ಟರ್ಟ್, ಮೇಸನ್, ವಿಲಿಯಮ್ಸ್, ಮೆಕಿನನ್ ನಾಲ್ವರನ್ನೂ ತರಬೇತುದಾರರು ನಂಬಿದ್ದು ಕೈಯಲ್ಲಿ ಚೆಂಡಿಲ್ಲದಾಗ ಅವರು ಮಾಡಿದ ಕೆಲಸಕ್ಕೆ.

ಆದ್ದರಿಂದ ಆಗಸ್ಟ್ ತಿಂಗಳ ಪೂರ್ವಸಿದ್ಧತಾ ಪಂದ್ಯಗಳನ್ನು ಈಗ ಕೊನೆಯ ಕ್ವಾರ್ಟರ್‌ವರೆಗೂ ನೋಡುತ್ತೇನೆ. ಮಗಳು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂರುತ್ತಾಳೆ. ಚೆಂಡು ಎಸೆದ ಪ್ರತಿ ಸಲವೂ ಕ್ವಾರ್ಟರ್‌ಬ್ಯಾಕ್ ಪಕ್ಕ ನಿಂತವನ ಅಂಗಿಯ ನಂಬರ್ ಬರೆದು, ಎದುರಾಳಿಯನ್ನು ತಡೆದನೋ ಇಲ್ಲವೋ ಎಂದು ಗುರುತು ಹಾಕುತ್ತಾಳೆ. ಹೆಸರು ಹುಡುಕುವುದು ಆಮೇಲೆ.