ಅಡಿರಾಂಡಕ್ ಕಾಡಿನಲ್ಲಿ ಸಂಜೆಯ ಈಡು: ಶಿಕಾರಿಗೆ ಹೊರಡುವ ಮುನ್ನ ಓದಿ

ನ್ಯೂಯಾರ್ಕ್ ರಾಜ್ಯದ ಉತ್ತರಕ್ಕಿರುವ ಅಡಿರಾಂಡಕ್ ಬೆಟ್ಟಗಾಡಿನಲ್ಲಿ ಹೊಸಬರ ಜಿಂಕೆ ಶಿಕಾರಿ ಕೆಡುವುದು ಹೆಚ್ಚಾಗಿ ಒಂದೇ ರೀತಿಯಲ್ಲಿ. ಮೂರು ನಾಲ್ಕು ದಿನ ಅಲೆದರೂ ಕೊಂಬಿನ ತುದಿ ಕೂಡ ಕಂಡಿರುವುದಿಲ್ಲ. ಕೊನೆಯ ದಿನ ಸಂಜೆ ನಾಲ್ಕರ ಹೊತ್ತಿಗೆ ಸ್ಪ್ರೂಸ್ ಮರಗಳ ಸಂದಿಯಲ್ಲಿ ಗಂಡು ಜಿಂಕೆಯ ಅರ್ಧ ಮೈ ಕಾಣುತ್ತದೆ. ಇದೂ ತಪ್ಪಿಹೋದರೆ ಎಂಬ ಆತುರದಲ್ಲಿ ಈಡು ಹೊಡೆಯುತ್ತಾರೆ. ಜಿಂಕೆ ಬೆನ್ನು ಗೂನು ಮಾಡಿಕೊಂಡು ಮರೆಯಾಗುತ್ತದೆ, ಇವರು ಹಿಂದೆಯೇ ಓಡುತ್ತಾರೆ. ಅಷ್ಟರಲ್ಲಿ ಕತ್ತಲು. ಜಿಂಕೆ ಎಲ್ಲೋ ಜವುಗಿನಲ್ಲಿ ನರಳಿ ಸಾಯುತ್ತದೆ, ಬೇಟೆಗಾರ ಒದ್ದೆ ಬಟ್ಟೆಯಲ್ಲಿ ದಾರಿ ಕಾಣದೆ ರಾತ್ರಿ ಕಳೆಯುತ್ತಾನೆ.

ಅಲ್ಲಿ ಜಿಂಕೆ ಏಕೆ ವಿರಳ ಎಂಬುದು ಮೊದಲು ಗೊತ್ತಿರಬೇಕು. ಸರ್ಕಾರಿ ಅರಣ್ಯದಲ್ಲಿ ಮರ ಕಡಿಯುವುದನ್ನು ರಾಜ್ಯದ ಸಂವಿಧಾನವೇ 1895ರಿಂದ ತಡೆದಿದೆ. ಹಳೆಯ ಮರಗಳ ನೆರಳಿನಲ್ಲಿ ಎಳೆ ಚಿಗುರು ಕಡಿಮೆ, ಚಳಿಗಾಲ ದೀರ್ಘ, ಹಿಮ ಆಳ. ಹೊಲಗಳ ಅಂಚಿನಲ್ಲಿ ಮಚಾನು ಕಟ್ಟಿ ಕೂತು ರೂಢಿಯಾದವರು ಇಲ್ಲೂ ಹಾಗೆಯೇ ಕೂತರೆ ದಿನಗಳು ಸುಮ್ಮನೆ ಹೋಗುತ್ತವೆ. ಜಿಂಕೆ ತಿನ್ನುವ, ಬೀಚ್ ಎಂಬ ಮರದ ಕಾಯಿ ಚೆನ್ನಾಗಿ ಬಿದ್ದ ವರ್ಷ ಆ ಮರಗಳಿರುವ ದಿಣ್ಣೆಗಳನ್ನು ನೋಡಿ. ಕಾಯಿ ಇಲ್ಲದ ವರ್ಷ ಬೀವರ್ ಎಂಬ ಪ್ರಾಣಿ ನೀರಿಗೆ ಕಟ್ಟಿದ ಕಟ್ಟೆಯ ಅಂಚು, ಬಿರುಗಾಳಿಗೆ ಮರ ಉರುಳಿ ಬಿಸಿಲು ಬಿದ್ದ ಜಾಗ ನೋಡಿ. ಹೊಸ ಹಿಮದಲ್ಲಿ ಅಗಲವಾದ, ಗೊರಸಿನ ತುದಿ ಎಳೆದ ಹೆಜ್ಜೆ ಸಿಕ್ಕರೆ ಅದನ್ನೇ ಹಿಡಿದು ಹೋಗುವುದು ಅಲ್ಲಿನ ಪಳಗಿದವರ ಕ್ರಮ. ಹೆಜ್ಜೆಯ ಅಂಚು ಚೂಪಾಗಿದ್ದು ಒಳಗೆ ಹಿಮ ಉದುರಿರದಿದ್ದರೆ ಅದು ಹೊಸದು.

ಈಗ ಈಡಿನ ವಿಷಯ. ಭುಜದ ಹಿಂದಿನ ಶ್ವಾಸಕೋಶದ ಜಾಗ ಪೂರ್ತಿ ತೆರೆದು ಕಾಣದಿದ್ದರೆ ಹೊಡೆಯಬೇಡಿ. ಸಣ್ಣ ಕೊಂಬೆಗೆ ತಗುಲಿದರೂ ಗುಂಡಿನ ದಾರಿ ತಪ್ಪುತ್ತದೆ. ರೈಫಲ್‌ನ ಗುಂಡಿನ ಅಳತೆ .308 ಇರಲಿ, .30-06 ಇರಲಿ, ಹೊಟ್ಟೆಗೆ ಬಿದ್ದ ಗುಂಡು ಜಿಂಕೆಯನ್ನು ತಕ್ಷಣ ಕೆಡವುವುದಿಲ್ಲ.

ಹೊಡೆದ ಮೇಲೆ ನಿಂತಲ್ಲೇ ನಿಲ್ಲಿ. ನೀವು ನಿಂತ ಜಾಗಕ್ಕೂ ಜಿಂಕೆ ನಿಂತಿದ್ದ ಜಾಗಕ್ಕೂ ಬಣ್ಣದ ಟೇಪ್ ಕಟ್ಟಿ, ಬಳಿಕ ರಕ್ತ ನೋಡಿ. ತಿಳಿಗೆಂಪಾಗಿ ನೊರೆ ಇದ್ದರೆ ಶ್ವಾಸಕೋಶ, ಅರ್ಧ ಗಂಟೆ ಕಾದರೆ ಸಾಕು. ಕಂದು ಬೆರೆತ ದಟ್ಟ ಕೆಂಪಾದರೆ ಯಕೃತ್ತು, ಮೂರು ನಾಲ್ಕು ಗಂಟೆ ಕಾಯಬೇಕು. ಹಸಿರು ನೀರು, ಮೇವಿನ ಚೂರು, ಕೆಟ್ಟ ವಾಸನೆ ಇದ್ದರೆ ಹೊಟ್ಟೆ. ಎಂಟರಿಂದ ಹನ್ನೆರಡು ಗಂಟೆ ಹತ್ತಿರ ಸುಳಿಯಬೇಡಿ. ಹೊಟ್ಟೆಗೆ ಏಟು ಬಿದ್ದ ಜಿಂಕೆಯನ್ನು ಅದರ ಪಾಡಿಗೆ ಬಿಟ್ಟರೆ ಸಾಮಾನ್ಯವಾಗಿ ಕೆಲವು ನೂರು ಗಜದೊಳಗೆ ಮಲಗುತ್ತದೆ. ಬೆನ್ನಟ್ಟಿದರೆ ಎದ್ದು ಮೈಲಿಗಟ್ಟಲೆ ಹೋಗುತ್ತದೆ, ರಕ್ತದ ಗುರುತೂ ನಿಲ್ಲುತ್ತದೆ. ತೋಳದಂಥ ಕಯೋಟಿಗಳು ತಿಂದುಬಿಡಬಹುದು ಎಂಬ ಭಯ ನಿಜವೇ, ಆದರೆ ಅದಕ್ಕಾಗಿ ಓಡಿದರೆ ಜಿಂಕೆ ಸಿಗುವ ಸಾಧ್ಯತೆ ಇನ್ನಷ್ಟು ಕಡಿಮೆ. ಗುರುತು ಕಡಿದುಹೋದರೆ ಪರವಾನಗಿ ಇರುವ, ಹಗ್ಗ ಕಟ್ಟಿದ ನಾಯಿಯೊಂದಿಗೆ ಹುಡುಕಿಕೊಡುವವರನ್ನು ಕರೆಸಲು ಆ ರಾಜ್ಯದಲ್ಲಿ ಅವಕಾಶವಿದೆ. ಅವರು ಬರುವ ಮುನ್ನ ನಾಲ್ಕು ಜನ ಸೇರಿ ಆ ಜಾಗವನ್ನೆಲ್ಲ ತುಳಿದಾಡಬೇಡಿ, ವಾಸನೆ ಚದುರಿಹೋಗುತ್ತದೆ.

ನವೆಂಬರ್ ಮಧ್ಯದಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸಂಜೆ ಸುಮಾರು 4:30ಕ್ಕೆ. ಕಾರು ಮೂರು ಕಿಲೋಮೀಟರ್ ದೂರದಲ್ಲಿದ್ದರೆ ಮಧ್ಯಾಹ್ನ ಮೂರು ಗಂಟೆಯ ನಂತರ ಹೊಸ ಹೆಜ್ಜೆ ಹಿಡಿಯಬೇಡಿ. ಕಾಡಿನೊಳಗೆ ಬಹಳ ಕಡೆ ಫೋನ್ ಸಿಗ್ನಲ್ ಇಲ್ಲ, ಚಳಿಗೆ ಬ್ಯಾಟರಿಯೂ ಬೇಗ ಇಳಿಯುತ್ತದೆ. ಕಾಗದದ ನಕ್ಷೆ, ದಿಕ್ಸೂಚಿ, ಎರಡು ಹೆಡ್‌ಲ್ಯಾಂಪ್, ಬೆಂಕಿ ಹೊತ್ತಿಸುವ ಸಾಮಾನು, ಉಣ್ಣೆಯ ಬಟ್ಟೆ ಜೊತೆಗಿರಲಿ. ಜೀನ್ಸ್ ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ದಿಕ್ಸೂಚಿಯ ಮುಳ್ಳು ಅಲ್ಲಿ ನಿಜವಾದ ಉತ್ತರಕ್ಕಿಂತ ಸುಮಾರು 13 ಡಿಗ್ರಿ ಪಶ್ಚಿಮಕ್ಕೆ ತೋರಿಸುತ್ತದೆ. ಅದನ್ನು ಸರಿಪಡಿಸದೆ ನಡೆದರೆ ಒಂದು ಕಿಲೋಮೀಟರ್‌ಗೆ 230 ಮೀಟರ್ ಆಚೆ ಹೋಗಿರುತ್ತೀರಿ. ಕತ್ತಲಲ್ಲಿ ಸಣ್ಣ ಕಾಲುದಾರಿ ತಪ್ಪಿಹೋಗಲು ಅಷ್ಟು ಸಾಕು.

ಜಿಂಕೆ ಬಿದ್ದರೂ ಕೆಲಸ ಮುಗಿದಿಲ್ಲ. ಕರುಳು ತೆಗೆದ ಮೇಲೂ ದೊಡ್ಡ ಗಂಡು 60 ಕಿಲೋ ಮೀರಬಹುದು. ಉರುಳಿದ ಮರಗಳ ಮೇಲೆ ಒಬ್ಬರೇ ಅದನ್ನು ಎಳೆಯುವುದು ಗಂಟೆಗಟ್ಟಲೆ ಹಿಡಿಯುತ್ತದೆ. ಬೆವರಿ ನಿಂತಾಗ ಚಳಿ ಹಿಡಿಯುವುದು ಆಗಲೇ. ಕಾರಿನಿಂದ ಎಷ್ಟು ದೂರದವರೆಗೆ ಎಳೆಯಬಲ್ಲಿರಿ ಎಂದು ಬೆಳಿಗ್ಗೆಯೇ ನಿರ್ಧರಿಸಿ, ಅದರಾಚೆ ಕಂಡ ಜಿಂಕೆಯನ್ನು ಬಿಟ್ಟುಬಿಡಿ.

ಎಚ್-1ಬಿಯಂಥ ವೀಸಾದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಮಾತು. ಅಮೆರಿಕದ ಫೆಡರಲ್ ಕಾನೂನು ನಿಮ್ಮ ಬಳಿ ಬಂದೂಕು ಇರುವುದನ್ನೇ ನಿಷೇಧಿಸುತ್ತದೆ. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಗೆಳೆಯರ ರೈಫಲ್ ಅನ್ನು "ಸ್ವಲ್ಪ ಹಿಡ್ಕೊಂಡಿರು" ಎಂದು ಕೊಟ್ಟರೂ ಇದೇ ನಿಯಮ. ಪರವಾನಗಿಯ ಅವಧಿ ಮುಗಿದ ಮೇಲೆ ರೈಫಲ್ ಮನೆಯಲ್ಲಿ ಉಳಿದರೆ ಅಪರಾಧವಾಗುತ್ತದೆ, ವೀಸಾಕ್ಕೂ ಕುತ್ತು. ಬಂದೂಕು ಮುಟ್ಟುವ ಮೊದಲು ಪರವಾನಗಿಯ ಕೊನೆಯ ದಿನಾಂಕ ನೋಡಿಕೊಳ್ಳಿ, ಅನುಮಾನವಿದ್ದರೆ ವಕೀಲರನ್ನು ಕೇಳಿ.