ಟ್ರೇಡ್ ಲೆಕ್ಕದ ಆ್ಯಪ್: ಜಮಾಖರ್ಚು ಪಕ್ಕಾ, ತೀರ್ಪು ಮಾತ್ರ ಕಚ್ಚಾ

ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನ ಐಸ್ ಹಾಕಿಯನ್ನು ನೋಡುವವರಲ್ಲಿ ಒಂದು ಪಂಗಡವಿದೆ. ಅವರಿಗೆ ಗೋಲಿಗಿಂತಲೂ ತಂಡಗಳ ನಡುವಣ ಆಟಗಾರರ ಕೊಡುಕೊಳ್ಳುವಿಕೆಯೇ (ಟ್ರೇಡ್) ಹೆಚ್ಚು ರುಚಿ: ಯಾರನ್ನು ಬಿಟ್ಟುಕೊಟ್ಟು ಯಾರನ್ನು ತರಬಹುದು, ಅವನ ಸಂಬಳ ಸ್ಯಾಲರಿ ಕ್ಯಾಪ್‌ನೊಳಗೆ (ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕುವ ಮಿತಿ) ಹಿಡಿಸುತ್ತದೆಯೇ, ಮೇಲಿಂದ ಎಷ್ಟು ಡ್ರಾಫ್ಟ್ ಪಿಕ್ (ಎಳೆಯ ಆಟಗಾರರನ್ನು ಸುತ್ತುಸುತ್ತಾಗಿ ಆರಿಸುವ ಸರದಿಯ ಹಕ್ಕು; ಕೆಳಗುಳಿದ ತಂಡಗಳಿಗೆ ಸರದಿ ಬೇಗ) ಸೇರಿಸಬೇಕು ಎಂಬ ವಾದ ಅವರ ನಡುವೆ ವರ್ಷವಿಡೀ ನಡೆಯುತ್ತದೆ. ನಾನೂ ಆ ಪಂಗಡದವನೇ. ಸಂಬಳ-ಕ್ಯಾಪ್ ಲೆಕ್ಕಕ್ಕೆ ನಾವೆಲ್ಲ ನೆಚ್ಚಿಕೊಂಡಿದ್ದ ಕ್ಯಾಪ್‌ಫ್ರೆಂಡ್ಲಿ ಜಾಲತಾಣವನ್ನು ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡ ಕೊಂಡುಕೊಂಡು, 2024ರ ಜುಲೈನಲ್ಲಿ ಅದು ಸಾರ್ವಜನಿಕರ ಪಾಲಿಗೆ ಮುಚ್ಚಿಹೋದ ಮೇಲೆ, ಲೆಕ್ಕವಿಲ್ಲದೆ ವಾದ ಮಾಡುವುದು ಕಷ್ಟವೆನಿಸಿ ಚಂದಾ ಕಟ್ಟಬೇಕಾದ ಒಂದು ಆ್ಯಪ್ ಹಿಡಿದೆ. ಅದನ್ನು ಒಂದು ಸೀಸನ್ನಿಗೂ ಮೀರಿ ಬಳಸಿದ್ದೇನೆ. ಕೆಳಗೆ ದೂರುಗಳೂ ಇರುವುದರಿಂದ ಅದರ ಹೆಸರು ಹೇಳುವುದಿಲ್ಲ.

ಮೊದಲು ಅದು ಚೆನ್ನಾಗಿ ಮಾಡುವ ಕೆಲಸ. ಎರಡು ಅಥವಾ ಮೂರು ತಂಡಗಳನ್ನು ಆರಿಸಿ, ಆಟಗಾರರ ಹೆಸರನ್ನು ಆಚೀಚೆ ಎಳೆದು ಬಿಟ್ಟರೆ, ಪ್ರತಿ ತಂಡದ ತಲೆಯ ಮೇಲೆ ಉಳಿದ ಕ್ಯಾಪ್ ಜಾಗ, 23 ಜನರ ರೋಸ್ಟರ್ (ಆಟಗಾರರ ಪಟ್ಟಿ) ಮತ್ತು 50 ಕರಾರುಗಳ ಮಿತಿ ಮೂರೂ ಆ ಕ್ಷಣವೇ ಬದಲಾಗುತ್ತವೆ. ಹೆಸರಿನ ಕೆಳಗೊಂದು ಜಾರುಪಟ್ಟಿ ಇದೆ. ಕಳಿಸುವ ತಂಡ ಸಂಬಳದ ಎಷ್ಟು ಪಾಲನ್ನು ತಾನೇ ಹೊರುತ್ತದೆ ಎಂಬುದನ್ನು ಅದರಲ್ಲಿ ನಿಗದಿಪಡಿಸಬಹುದು, ಮತ್ತು ನಿಯಮದಂತೆ ಅದು ಶೇ. 50ಕ್ಕೆ ಬಂದು ನಿಂತುಬಿಡುತ್ತದೆ. ಪರೀಕ್ಷಿಸೋಣವೆಂದು 2023ರ ಆಗಸ್ಟ್‌ನ ಎರಿಕ್ ಕಾರ್ಲ್‌ಸನ್ ಟ್ರೇಡ್ ಅನ್ನು ಮರುಸೃಷ್ಟಿಸಿ ನೋಡಿದೆ. ಅವನ ಕ್ಯಾಪ್ ಹಿಟ್, ಅಂದರೆ ವರ್ಷಕ್ಕೆ ಕ್ಯಾಪ್ ಲೆಕ್ಕಕ್ಕೆ ಸೇರುವ ಮೊತ್ತ, 1 ಕೋಟಿ 15 ಲಕ್ಷ ಡಾಲರ್. ಸ್ಯಾನ್ ಹೋಸೆ 13 ಶೇಕಡಾ ಉಳಿಸಿಕೊಂಡಾಗ ಪಿಟ್ಸ್‌ಬರ್ಗ್ ಪಾಲಿಗೆ ಬಂದದ್ದು ಒಂದು ಕೋಟಿಯ ಆಸುಪಾಸು. ಜಾರುಪಟ್ಟಿಯನ್ನು 13ಕ್ಕೆ ತಂದು ನಿಲ್ಲಿಸಿದ ಕೂಡಲೇ ಆ್ಯಪ್ ಕೊಟ್ಟ ಮೊತ್ತದಲ್ಲಿ ಸಾವಿರ ಡಾಲರಿನ ಹೆಚ್ಚುಕಡಿಮೆಯೂ ಇರಲಿಲ್ಲ.

ಇದಕ್ಕಿಂತ ನನಗೆ ಮೆಚ್ಚುಗೆಯಾದದ್ದು ದಿನಲೆಕ್ಕ. ಕ್ಯಾಪ್ ಅನ್ನು ಲೀಗ್ ದಿನದಿನಕ್ಕೆ ಲೆಕ್ಕ ಹಾಕುತ್ತದೆ, ಹೀಗಾಗಿ ಮೊದಲ ದಿನದಿಂದಲೇ ಹಣ ಮಿಗಿಸಿಕೊಂಡ ತಂಡಕ್ಕೆ ಕೊನೆಯಲ್ಲಿ ಕೊಳ್ಳುವ ಶಕ್ತಿ ಹಲವು ಪಟ್ಟು ಬೆಳೆದಿರುತ್ತದೆ ಎಂಬುದನ್ನು ಹೊಸಬರಿಗೆ ಬಾಯಿಮಾತಿನಲ್ಲಿ ವಿವರಿಸುವುದು ಸುಲಭವಲ್ಲ. ಸೀಸನ್ 190 ದಿನಗಳದ್ದೆಂದುಕೊಳ್ಳಿ. ಆರಂಭದಿಂದ 10 ಲಕ್ಷ ಡಾಲರ್ ಜಾಗ ಖಾಲಿ ಬಿಟ್ಟ ತಂಡವು 40 ದಿನ ಉಳಿದಿರುವಾಗ 47 ಲಕ್ಷಕ್ಕೂ ಮೀರಿದ ಕ್ಯಾಪ್ ಹಿಟ್‌ನ ಆಟಗಾರನನ್ನು ತರಬಲ್ಲದು. ಆ್ಯಪ್‌ನಲ್ಲಿ ತಾರೀಖನ್ನು ಮುಂದಕ್ಕೆ ತಳ್ಳಿದಂತೆಲ್ಲ ಈ ಅಂಕಿ ಏರುವುದನ್ನು ಕಣ್ಣಾರೆ ನೋಡಬಹುದು. ‘ಅವರ ಹತ್ತಿರ ದುಡ್ಡೇ ಇಲ್ಲ, ಹೇಗೆ ತಂದಾರು?’ ಎಂಬ ಅರ್ಧದಷ್ಟು ಜಗಳಗಳು ಇಲ್ಲಿಯೇ ಮುಗಿಯುತ್ತವೆ.

ಕರಾರುಗಳನ್ನು ಡಾಲರಿನಲ್ಲಿ ಮಾತ್ರವಲ್ಲದೆ ಕ್ಯಾಪ್‌ನ ಶೇಕಡಾವಾರು ಪಾಲಾಗಿಯೂ ತೋರಿಸುವುದು ಇನ್ನೊಂದು ಜಾಣತನ. 2019-20ರಿಂದ ಮೂರು ಸೀಸನ್ ಕ್ಯಾಪ್ 8 ಕೋಟಿ 15 ಲಕ್ಷ ಡಾಲರಿನಲ್ಲೇ ನಿಂತಿತ್ತು; 2025-26ಕ್ಕೆ ಅದು 9 ಕೋಟಿ 55 ಲಕ್ಷಕ್ಕೇರಿತು. ಅಂದರೆ 80 ಲಕ್ಷದ ಅದೇ ಕರಾರು ಮೊದಲು ತಂಡದ ಶೇ. 9.8ರಷ್ಟನ್ನು ನುಂಗುತ್ತಿದ್ದರೆ 2025-26ರಲ್ಲಿ ಶೇ. 8.4ರಷ್ಟನ್ನು ಮಾತ್ರ ನುಂಗಿತು. ಹಳೆಯ ಟ್ರೇಡ್‌ಗಳನ್ನು ಇಂದಿನ ಬೆಲೆಯಲ್ಲಿ ಅಳೆದು ‘ಎಂಥ ಮೂರ್ಖರು’ ಎಂದು ನಗುವವರು ಈ ಕಾಲಂ ಅನ್ನು ಒಮ್ಮೆಯಾದರೂ ನೋಡಬೇಕು.

ಇಲ್ಲಿಯವರೆಗೆ ಸರಿ. ತೊಂದರೆ ಶುರುವಾಗುವುದು ‘ನ್ಯಾಯಮಾಪಕ’ದಿಂದ. ಟ್ರೇಡ್ ಕಟ್ಟಿ ಮುಗಿಸಿದ ಮೇಲೆ ಪರದೆಯ ಕೆಳಗೆ ಒಂದು ಪಟ್ಟಿ ಮೂಡಿ, ಯಾವ ತಂಡಕ್ಕೆ ಎಷ್ಟು ಶೇಕಡಾ ಲಾಭವೆಂದು ಹಸಿರು-ಕೆಂಪು ಬಣ್ಣದಲ್ಲಿ ತೀರ್ಪು ಕೊಡುತ್ತದೆ. ನನ್ನ ಜೊತೆ ವಾದಕ್ಕಿಳಿಯುವ ಗೆಳೆಯನಂತೂ ಈಗೀಗ ಕಾರಣವನ್ನೇ ಕೊಡುವುದಿಲ್ಲ; ‘ನೋಡು, ಹಸಿರು ಐವತ್ತನಾಲ್ಕು ಅಂತ ಬಂದಿದೆ, ಮುಗೀತಲ್ಲ’ ಎಂದು ಫೋನು ಮುಂದೆ ಹಿಡಿಯುತ್ತಾನೆ. ಆ ಐವತ್ತನಾಲ್ಕು ಎಲ್ಲಿಂದ ಬಂತೆಂದು ಕೆದಕಿದಾಗ ತಿಳಿದದ್ದು, ಮುಂದಿನ ವರ್ಷಗಳ ಮೊದಲ ಸುತ್ತಿನ ಪಿಕ್ ಯಾವ ತಂಡದ್ದೇ ಇರಲಿ, ಆ್ಯಪ್ ಅದನ್ನು ಸುತ್ತಿನ ನಡುಮಧ್ಯದ ಪಿಕ್ ಎಂದೇ ಎಣಿಸುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಎಲ್ಲ ಜನರಲ್ ಮ್ಯಾನೇಜರ್‌ಗಳಿಗೂ ಅನಿವಾರ್ಯ, ನಿಜ. ಆದರೆ ಎಲ್ಲ ಕೂಸುಗಳಿಗೂ ಒಂದೇ ಅಳತೆಯ ಕುಲಾವಿ ಹೊಲಿಯುವುದು ಬೇರೆಯೇ ಮಾತು.

2017ರ ನವೆಂಬರಿನಲ್ಲಿ ಒಟ್ಟಾವಾ ತಂಡ ಮ್ಯಾಟ್ ಡುಶೇನ್‌ನನ್ನು ತರಲು ಕೊಲರಾಡೊಗೆ ಕೊಟ್ಟದ್ದರಲ್ಲಿ 2018ರ ಮೊದಲ ಸುತ್ತಿನ ಪಿಕ್ ಇತ್ತು. ಅದು ಮೊದಲ ಹತ್ತರೊಳಗೆ ಬಂದರೆ ಒಟ್ಟಾವಾ ಅದನ್ನು ಇಟ್ಟುಕೊಂಡು, ಬದಲಿಗೆ ಮರುವರ್ಷದ್ದನ್ನು ಕೊಡಬಹುದೆಂಬ ಷರತ್ತೂ ಇತ್ತು. ತಂಡ ಕುಸಿಯಿತು, ಪಿಕ್ ನಾಲ್ಕನೆಯದಾಯಿತು, ಒಟ್ಟಾವಾ ಅದನ್ನು ಉಳಿಸಿಕೊಂಡು ಬ್ರೇಡಿ ಟ್ಕಚಕ್‌ನನ್ನು ಆರಿಸಿತು. ಮರುವರ್ಷ ಅದೇ ತಂಡ ಇಡೀ ಲೀಗ್‌ನಲ್ಲಿ ಕೊನೆಯ ಸ್ಥಾನಕ್ಕಿಳಿದಾಗ ಪಿಕ್ ಕೊಲರಾಡೊ ಪಾಲಾಯಿತು. ಮೊದಲ ಸರದಿಗಳನ್ನು ನಿಗದಿಪಡಿಸುವ ಲಾಟರಿಯಲ್ಲಿ ಅದೂ ನಾಲ್ಕಕ್ಕೆ ಜಾರಿತು, ಬೋವೆನ್ ಬೈರಮ್ ಆಯ್ಕೆಯಾದ. ಅಷ್ಟು ಹೊತ್ತಿಗೆ ಡುಶೇನ್ ಒಟ್ಟಾವಾದಲ್ಲೇ ಇರಲಿಲ್ಲ. ಈ ಟ್ರೇಡ್ ಅನ್ನು ಆ್ಯಪ್‌ನ ಹಳೆಯ ಟ್ರೇಡ್‌ಗಳ ವಿಭಾಗದಲ್ಲಿ ಕಟ್ಟಿದರೆ ಷರತ್ತನ್ನು ಬರೆಯಲು ಒಂದು ಟಿಪ್ಪಣಿಯ ಚೌಕವಿದೆ, ಆದರೆ ಅಲ್ಲಿ ಬರೆದದ್ದು ಮಾಪಕಕ್ಕೆ ತಲುಪುವುದೇ ಇಲ್ಲ. ಷರತ್ತಿದ್ದರೂ ಇಲ್ಲದಿದ್ದರೂ ಅದೇ ಅಂಕಿ. ನನ್ನ ಪ್ರಕಾರ ಪಿಕ್‌ನ ಬೆಲೆಯ ಅರ್ಧಪಾಲು ಅಡಗಿರುವುದು ಆ ಚೌಕದೊಳಗೆ.

ಸಂಬಳದ ಹೊರೆ ಇಳಿಸಿಕೊಳ್ಳುವ ಟ್ರೇಡ್‌ಗಳಲ್ಲಂತೂ ಮಾಪಕ ಪೂರ್ತಿ ದಿಕ್ಕು ತಪ್ಪುತ್ತದೆ. 2019ರ ಜೂನ್‌ನಲ್ಲಿ ಟೊರಾಂಟೊ, 62.5 ಲಕ್ಷ ಡಾಲರ್ ಕ್ಯಾಪ್ ಹಿಟ್‌ನ ಪ್ಯಾಟ್ರಿಕ್ ಮಾರ್ಲೊನನ್ನು ಕ್ಯಾರೊಲೈನಾಗೆ ದಾಟಿಸಲು ತನ್ನ 2020ರ ಮೊದಲ ಸುತ್ತಿನ ಪಿಕ್ ಅನ್ನೂ ಜೊತೆಗೆ ಕಟ್ಟಿಕೊಟ್ಟಿತು, ಬದಲಿಗೆ ಪಡೆದದ್ದು ಆರನೆಯ ಸುತ್ತಿನ ಒಂದು ಪಿಕ್. ಕ್ಯಾರೊಲೈನಾ ಮಾರ್ಲೊನ ಕರಾರನ್ನು ಹಣ ಕೊಟ್ಟು ಮುಗಿಸಿತು, ಕೊನೆಗೆ 13ನೆಯದಾಗಿ ಬಂದ ಆ ಪಿಕ್‌ನಿಂದ ಸೆತ್ ಜಾರ್ವಿಸ್‌ನನ್ನು ಪಡೆಯಿತು. ಮಾಪಕ ಟೊರಾಂಟೊಗೆ ಕಡುಗೆಂಪು ಬಳಿಯುತ್ತದೆ. ತೀರ್ಪು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಯುವ ಆಟಗಾರರ ಹೊಸ ಕರಾರುಗಳಿಗೆ ಆ ಬೇಸಿಗೆಯಲ್ಲಿ ಜಾಗ ಮಾಡಿಕೊಳ್ಳಲೇಬೇಕಿದ್ದ ತಂಡಕ್ಕೆ ಖಾಲಿ ಜಾಗವೂ ಒಂದು ಸರಕೇ ಆಗಿತ್ತು. ಆ ಸರಕಿಗೆ ಆ್ಯಪ್ ಸೊನ್ನೆ ಬೆಲೆ ಕಟ್ಟುತ್ತದೆ.

ವರ್ಗಾವಣೆಯನ್ನು ನಿರಾಕರಿಸುವ ಹಕ್ಕು ಕರಾರಿನಲ್ಲಿದ್ದರೆ ಆಟಗಾರನ ಹೆಸರಿನ ಪಕ್ಕ ಪುಟ್ಟ ಬೀಗವೊಂದು ಕಾಣುತ್ತದೆ, ಅಷ್ಟೇ. ಒಂದೇ ಊರಿಗೆ ಹೋಗಲು ಒಪ್ಪುವವನನ್ನು ಮಾರುವವನ ಕೈ ಕಟ್ಟಿರುತ್ತದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಹಾಗೆಯೇ 2025ರ ಮಾರ್ಚ್‌ನಲ್ಲಿ ಮಿಕ್ಕೊ ರಾಂಟನೆನ್‌ಗಾಗಿ ಡಲ್ಲಾಸ್ ತಂಡ ಲೋಗನ್ ಸ್ಟಾಂಕೋವನ್, ಎರಡು ಮೊದಲ ಸುತ್ತಿನ ಮತ್ತು ಎರಡು ಮೂರನೆಯ ಸುತ್ತಿನ ಪಿಕ್‌ಗಳನ್ನು ಕೊಟ್ಟದ್ದು, ಜೊತೆಯಲ್ಲೇ ಎಂಟು ವರ್ಷಗಳ ಹೊಸ ಕರಾರು ಕುದುರಿದ್ದರಿಂದ. ಹೊಸ ಕರಾರನ್ನು ನಮೂದಿಸಲು ಆ್ಯಪ್‌ನಲ್ಲಿ ಜಾಗವೇ ಇಲ್ಲವಾದ್ದರಿಂದ, ಕೆಲವೇ ತಿಂಗಳಿಗೆಂದು ತಂದ ಆಟಗಾರನಿಗೆ ಡಲ್ಲಾಸ್ ದುಂದು ಮಾಡಿತೆಂದು ಅದು ಸಾರುತ್ತದೆ.

ನಿಯಮಗಳ ವಿಷಯದಲ್ಲೂ ಒಂದು ಎಡವಟ್ಟು ನಡೆಯಿತು. ಹಿಂದೆ ಮೂರನೆಯ ತಂಡವೊಂದು ಮಧ್ಯವರ್ತಿಯಾಗಿ ಬಂದು, ಸಂಬಳದ ಇನ್ನೊಂದು ಪಾಲನ್ನು ಅದೇ ದಿನ ತಾನು ಹೊತ್ತು, ಕೂಲಿಯಾಗಿ ಪಿಕ್ ಒಂದನ್ನು ಪಡೆಯುತ್ತಿತ್ತು. 2025-26ರಿಂದ ಅದಕ್ಕೆ ಕಡಿವಾಣ ಬಿದ್ದಿದ್ದು, ಮೊದಲ ತಂಡ ಪಾಲು ಹೊತ್ತ ಮೇಲೆ ಎರಡನೆಯ ತಂಡ ಪಾಲು ಹೊರಲು ರೆಗ್ಯುಲರ್ ಸೀಸನ್ನಿನ 75 ದಿನ ಕಳೆದಿರಬೇಕು. ಅದೇ ಸೀಸನ್ನಿನಿಂದ ಪ್ಲೇಆಫ್‌ಗೂ (ಕೊನೆಯ ನಾಕೌಟ್ ಹಂತ) ಕ್ಯಾಪ್ ಬಂತು. ಪ್ಲೇಆಫ್ ಕ್ಯಾಪ್‌ಗೆ ಆ್ಯಪ್‌ನವರು ಅಚ್ಚುಕಟ್ಟಾದ ಪುಟ ಮಾಡಿದರು. 75 ದಿನಗಳ ನಿಯಮವನ್ನು ಮರೆತೇಬಿಟ್ಟರು. ಮೂರು ತಂಡಗಳ ಒಂದು ಟ್ರೇಡ್ ಅನ್ನು ಸಂಜೆಯಿಡೀ ಕೂತು ಕಟ್ಟಿ, ಹಸಿರು ಗುರುತು ಸಿಕ್ಕಿತೆಂದು ಗೆಳೆಯನಿಗೆ ಕಳಿಸಿದೆ. ಅವನು ಆ ನಿಯಮವನ್ನಷ್ಟೇ ಒಂದು ಸಾಲಿನಲ್ಲಿ ಬರೆದು ವಾಪಸು ಕಳಿಸಿದಾಗ ಆದ ಮುಖಭಂಗ ಇನ್ನೂ ಮಾಸಿಲ್ಲ. ಗ್ರಾಹಕ ಸೇವೆಗೆ ಬರೆದ ದೂರಿಗೆ ಉತ್ತರ ಬರಲು ಮೂರು ವಾರ, ತಿದ್ದುಪಡಿಗೆ ಇನ್ನೂ ಐದು ವಾರ ಹಿಡಿಯಿತು. ಆ ನಡುವೆ ಬಂದ ಅಪ್‌ಡೇಟ್‌ನಲ್ಲಿ ತಂಡಗಳ ಲಾಂಛನಗಳು ತಿರುಗತೊಡಗಿದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಇಷ್ಟಾದರೂ ಮುಂದಿನ ಸೀಸನ್ನಿಗೆ ಚಂದಾ ಕಟ್ಟಿದ್ದೇನೆ, ಏಕೆಂದರೆ ದಿನಲೆಕ್ಕವನ್ನು ಕೈಯಲ್ಲಿ ಹಾಕುವ ವ್ಯವಧಾನ ನನಗಿಲ್ಲ. ನ್ಯಾಯಮಾಪಕವನ್ನು ಮರೆಮಾಡುವ ಸೌಲಭ್ಯ ಸೆಟ್ಟಿಂಗ್ಸ್‌ನ ಕೊನೆಯ ಪುಟದಲ್ಲಿದೆ. ಕೊಂಡವರು ಮೊದಲು ಅಲ್ಲಿಗೇ ಹೋಗಬೇಕೆಂಬುದು ನನ್ನ ಸಲಹೆ. ನಾನು ಅದನ್ನು ಮುಚ್ಚಿ ತಿಂಗಳಾಯಿತು. ಗೆಳೆಯನ ಫೋನಿನಲ್ಲಿ ಮಾತ್ರ ಅದಿನ್ನೂ ಹಸಿರಾಗಿಯೇ ಇದೆ.