ಕೊಪ್ಪಳ ಜಿಲ್ಲೆಯ ಗೋಡೆ ನಕ್ಷೆ: ನೆಲ ಸರಿಯಿದೆ, ತಾಲ್ಲೂಕು ಹಳೆಯದು

ಕೊಪ್ಪಳ ಜಿಲ್ಲೆಯ ಭೂಗೋಳ, ಆಡಳಿತ, ಇತಿಹಾಸ ಮೂರನ್ನೂ ಒಂದೇ ಹಾಳೆಯಲ್ಲಿ ಕೊಡುವುದಾಗಿ ಹೇಳಿಕೊಳ್ಳುವ ಈ ಗೋಡೆ ನಕ್ಷೆಯನ್ನು ನಾನು ಕೊಂಡು ಎರಡು ತಿಂಗಳಾಯಿತು. ಮುಂಭಾಗದಲ್ಲಿ ನಕ್ಷೆಯಿದೆ, ಹಿಂಭಾಗದಲ್ಲಿ ಇತಿಹಾಸದ ಬರಹವಿದೆ. ಗೋಡೆಗೆ ಅಂಟಿಸಿದವರು ಆ ಬರಹವನ್ನು ಓದುವುದು ಹೇಗೆಂದು ಪ್ರಕಾಶಕರು ಯೋಚಿಸಿದಂತಿಲ್ಲ.

ಭೂಗೋಳದ ಕೆಲಸ ಅಚ್ಚುಕಟ್ಟಾಗಿದೆ. ತುಂಗಭದ್ರಾ ಅಣೆಕಟ್ಟಿನಿಂದ ಮುನಿರಾಬಾದ್ ಬದಿಗೆ ಹೊರಡುವ ಎಡದಂಡೆ ಕಾಲುವೆಯನ್ನು ದಪ್ಪ ನೀಲಿ ಗೆರೆಯಲ್ಲಿ ಎಳೆದು, ಅದರ ನೀರುಣ್ಣುವ ಗಂಗಾವತಿ, ಕಾರಟಗಿ ಕಡೆಯ ಭತ್ತದ ಗದ್ದೆಗಳಿಗೆ ಹಸಿರನ್ನೂ, ಹೆಚ್ಚಾಗಿ ಮಳೆಯನ್ನೇ ನೆಚ್ಚಿದ ಕುಷ್ಟಗಿ, ಯಲಬುರ್ಗಾ ಕಡೆಯ ಎರೆ (ಕಪ್ಪು ಮಣ್ಣು) ಮತ್ತು ಮಸಾರಿ (ಕೆಂಪು ಮಣ್ಣು) ಹೊಲಗಳಿಗೆ ಕಂದು ಬಣ್ಣವನ್ನೂ ಕೊಟ್ಟಿರುವುದರಿಂದ, ಒಂದೇ ಜಿಲ್ಲೆಯೊಳಗೆ ಎರಡು ಬಗೆಯ ಬೇಸಾಯ ಏಕಿದೆಯೆಂಬುದು ನೋಡಿದೊಡನೆ ತಿಳಿಯುತ್ತದೆ. ಮಡಿಕೆಯ ಗೆರೆ ಸರಿಯಾಗಿ ಆನೆಗೊಂದಿಯ ಮೇಲೆಯೇ ಬಿದ್ದು ಅಕ್ಷರ ಅಳಿಸಿದೆ.

ಆಡಳಿತದ ಭಾಗವನ್ನು ಮಾತ್ರ ನಂಬುವಂತಿಲ್ಲ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಾಗ ಇದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲ್ಲೂಕುಗಳನ್ನು ಇದು ತೋರಿಸುತ್ತದೆ. ಗಂಗಾವತಿಯಿಂದ ಕನಕಗಿರಿ ಮತ್ತು ಕಾರಟಗಿ, ಯಲಬುರ್ಗಾದಿಂದ ಕುಕನೂರು ಒಡೆದು ಈಗ ಏಳಾಗಿವೆ. ಹೀಗಾಗಿ ಕುಕನೂರು ತಾಲ್ಲೂಕಿನ ಇಟಗಿ ಇಲ್ಲಿ ಇನ್ನೂ ಯಲಬುರ್ಗಾದಲ್ಲೇ ಉಳಿದಿದೆ. ಪಹಣಿ, ಪೋಡಿ (ಜಮೀನನ್ನು ಅಳೆದು ಭಾಗ ಮಾಡುವುದು) ಎಂದು ತಹಶೀಲ್ದಾರರ ಕಚೇರಿಗೆ ಅಲೆಯುವವರಿಗೆ ಇದು ಸಣ್ಣ ತಪ್ಪಲ್ಲ.

ಇತಿಹಾಸದ ಬರಹ ಹಳೆಯ ಕಾಲದಲ್ಲಿ ಉದಾರಿ. ಹಿರೇಬೆಣಕಲ್ಲಿನ ಶಿಲಾಗೋರಿಗಳು, ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಶಾಸನಗಳು, ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡಿಗೆ ಗಡಿಯಾಗಿ ಹೆಸರಿಸುವ ಕೊಪಣನಗರ (ಇಂದಿನ ಕೊಪ್ಪಳ), ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಇಟಗಿಯಲ್ಲಿ ಕಟ್ಟಿಸಿದ ದೇವಾಲಯ, ಎಲ್ಲವೂ ಸರಿಯಾದ ಜಾಗದಲ್ಲಿವೆ. ಆದರೆ ಹೈದರಾಬಾದ್ ನಿಜಾಮರ ಆಳ್ವಿಕೆ, ಅವರ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನದ ಜಹಗೀರು, 1948ರ ಸೆಪ್ಟೆಂಬರಿನ ವಿಮೋಚನೆ, 1956ರಲ್ಲಿ ಮೈಸೂರು ರಾಜ್ಯದೊಡನೆ ಸೇರ್ಪಡೆ ಇಷ್ಟೂ ಒಂದೇ ವಾಕ್ಯದಲ್ಲಿ ಮುಗಿದಿವೆ. ಈ ಜಿಲ್ಲೆಯ ಮಕ್ಕಳು ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿಯಡಿ ಮೀಸಲಾತಿಗೆ ಅರ್ಹರಾಗಿರುವುದಕ್ಕೆ ಕಾರಣವಾದ ಕಾಲವೇ ಅದು. ಅದನ್ನು ಹೀಗೆ ದಾಟಿಸಿದ್ದು ನನಗೆ ಸರಿಕಾಣಲಿಲ್ಲ.

ಶಾಲೆಯ ಗೋಡೆಗೆ ಇದನ್ನು ಕೊಳ್ಳಬಹುದು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಕೊಳ್ಳಬೇಕಾಗಿಲ್ಲ. ನಮ್ಮ ಮನೆಯ ಪ್ರತಿಯಲ್ಲಿ ಮೂರು ಹೊಸ ತಾಲ್ಲೂಕುಗಳ ಗಡಿಯನ್ನು ಪೆನ್ಸಿಲ್ಲಿನಲ್ಲಿ ಎಳೆದುಕೊಂಡಿದ್ದೇನೆ.